ಹೊಸ ಬಡಾವಣೆಯ ನಕ್ಷೆ: ಬಿಸಿಲು, ನೀರು ಮತ್ತು ವಿದ್ಯುತ್ತಿನ ಲೆಕ್ಕ

(ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಅಧ್ಯಯನ ಪಾಠ)

ಪೀಠಿಕೆ

ನಿವೇಶನರಹಿತ ಕುಟುಂಬಗಳಿಗೆ ನಿವೇಶನ ಒದಗಿಸುವುದು ಗ್ರಾಮ ಪಂಚಾಯಿತಿಯ ಅತ್ಯಂತ ಹೊಣೆಯುತ ಕರ್ತವ್ಯಗಳಲ್ಲೊಂದು. ಸೂಕ್ತ ಜಮೀನು ದೊರೆಯಲು ವರ್ಷಗಳೇ ಹಿಡಿಯುತ್ತವೆ. ದೊರೆತ ಮೇಲೆ, ಹಕ್ಕುಪತ್ರಕ್ಕಾಗಿ ಕಾದು ಕುಳಿತವರ ಆತುರ ಸಹಜವಾದುದು. ಬಡಾವಣೆಯ ನಕ್ಷೆ ಸಾಮಾನ್ಯ ಸಭೆಯ ಮುಂದೆ ಬಂದಾಗ ಸದಸ್ಯರು ಕೇಳುವ ಮೊದಲ ಪ್ರಶ್ನೆ ‘ಎಷ್ಟು ನಿವೇಶನ ಆಗುತ್ತವೆ?’ ಎಂಬುದು, ಎರಡನೆಯದು ‘ಹಂಚಿಕೆ ಯಾವಾಗ?’ ಎಂಬುದು. ಎರಡೂ ನ್ಯಾಯವಾದ ಪ್ರಶ್ನೆಗಳೇ. ಆದರೆ ಅದೇ ಸಭೆಯಲ್ಲಿ ಕೇಳಲೇಬೇಕಾದ ಮೂರನೆಯ ಪ್ರಶ್ನೆಯೊಂದಿದೆ: ಈ ಬಡಾವಣೆಯನ್ನು ಮುಂದಿನ ಐವತ್ತು ವರ್ಷ ನಡೆಸಲು ಎಷ್ಟು ನೀರು, ಎಷ್ಟು ವಿದ್ಯುತ್ತು ಬೇಕು, ಅದರ ಬಿಲ್ಲನ್ನು ಕಟ್ಟುವವರು ಯಾರು?

ಗೃಹಜ್ಯೋತಿ ಯೋಜನೆ ಮನೆಬಳಕೆಯ ವಿದ್ಯುತ್ತಿಗೆ ಸಂಬಂಧಿಸಿದ್ದು. ಕುಡಿಯುವ ನೀರಿನ ಪಂಪು ಮತ್ತು ಬೀದಿದೀಪಗಳ ಬಿಲ್ಲು ಪಂಚಾಯಿತಿಯದೇ. ಮನೆಯೊಳಗಿನ ಸೆಕೆಯನ್ನು ಸಹಿಸಬೇಕಾದವರು ಫಲಾನುಭವಿಗಳೇ. ಈ ಎರಡೂ ಹೊರೆಗಳ ಬಹುಪಾಲು ನಿರ್ಧಾರವಾಗುವುದು ನಕ್ಷೆಯ ಮೇಲೆ ರಸ್ತೆಯ ಗೆರೆ ಎಳೆಯುವ ದಿನ. ಕಾಗದದ ಮೇಲಿನ ಗೆರೆಯನ್ನು ಅಳಿಸಿ ಬರೆಯಬಹುದು. ಮನೆ ಎದ್ದ ಮೇಲೆ ರಸ್ತೆಯ ದಿಕ್ಕನ್ನು ತಿರುಗಿಸಲಾಗದು. ಈ ಪಾಠದ ಉದ್ದೇಶ ಆ ಒಂದು ದಿನಕ್ಕೆ ಸದಸ್ಯರನ್ನು ಸಿದ್ಧಗೊಳಿಸುವುದು.

ಉದಾಹರಣೆಯ ಬಡಾವಣೆ

ಲೆಕ್ಕದ ಅನುಕೂಲಕ್ಕಾಗಿ 5 ಎಕರೆ ಜಮೀನನ್ನು ಊಹಿಸಿಕೊಳ್ಳೋಣ. ಒಂದು ಎಕರೆಗೆ 43,560 ಚದರ ಅಡಿಯಂತೆ ಒಟ್ಟು 2,17,800 ಚದರ ಅಡಿ. ಇದರಲ್ಲಿ 30x40 ಅಳತೆಯ 100 ನಿವೇಶನಗಳಿಗೆ 1,20,000 ಚದರ ಅಡಿ, ಅಂದರೆ ಶೇ. 55ರಷ್ಟು ಜಾಗ ಬೇಕು. ಉಳಿದದ್ದು ರಸ್ತೆ, ಉದ್ಯಾನ ಮತ್ತು ನಾಗರಿಕ ಸೌಕರ್ಯಕ್ಕೆ. ಒಂದು ಮನೆಗೆ ಐವರಂತೆ 500 ಜನ. ಸ್ಥಳ ಬಯಲುಸೀಮೆಯದು, ಏಪ್ರಿಲ್–ಮೇ ತಿಂಗಳಲ್ಲಿ ಉರಿಬಿಸಿಲು, ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ. ಸದಸ್ಯರು ತಮ್ಮ ಪಂಚಾಯಿತಿಯ ಅಂಕಿಗಳನ್ನು ಈ ಅಂಕಿಗಳ ಜಾಗದಲ್ಲಿಟ್ಟು ಲೆಕ್ಕ ಮಾಡಿಕೊಳ್ಳಬಹುದು.

1. ಜಾಗದ ಆಯ್ಕೆ: ದೂರದ ಬೆಲೆ

ಗ್ರಾಮಠಾಣಕ್ಕೆ ಹೊಂದಿಕೊಂಡ ಜಮೀನು ಸಿಗುವುದು ಕಷ್ಟ. ದೂರದ ಗೋಮಾಳ ಸುಲಭವಾಗಿ ಸಿಗಬಹುದು. ಆದರೆ ದೂರಕ್ಕೆ ಪ್ರತಿದಿನವೂ ಬೆಲೆ ತೆರಬೇಕಾಗುತ್ತದೆ. ಬಡಾವಣೆ ಊರಿನಿಂದ 2 ಕಿ.ಮೀ. ಆಚೆ ಇದ್ದು, ಮನೆಗೊಂದು ಬೈಕು ದಿನಕ್ಕೊಮ್ಮೆ ಹೋಗಿಬಂದರೂ 100 ಮನೆಗಳಿಂದ 400 ಕಿ.ಮೀ. ಓಡಾಟವಾಗುತ್ತದೆ. ಲೀಟರಿಗೆ 50 ಕಿ.ಮೀ. ಎಂದು ಹಿಡಿದರೆ ದಿನಕ್ಕೆ 8 ಲೀಟರ್, ವರ್ಷಕ್ಕೆ 2,900 ಲೀಟರಿಗೂ ಹೆಚ್ಚು ಪೆಟ್ರೋಲು. ಇದು ಬಡ ಕುಟುಂಬಗಳ ಜೇಬಿನಿಂದ ಹೋಗುವ ಹಣ. ಬೈಕು ಇಲ್ಲದವರ ಮನೆಯ ಮಕ್ಕಳು ಶಾಲೆಗೆ, ಹೆಂಗಸರು ಪಡಿತರಕ್ಕೆ ಬಿಸಿಲಿನಲ್ಲಿ ನಡೆಯಬೇಕು. ಕೊಳವೆಮಾರ್ಗ, ವಿದ್ಯುತ್ ಮಾರ್ಗ, ಕೂಡುರಸ್ತೆಗಳ ಉದ್ದವೂ ಅಷ್ಟೇ ಬೆಳೆಯುತ್ತದೆ.

ಉತ್ತರ ಕರ್ನಾಟಕದಲ್ಲಿ 2009ರ ನೆರೆಯ ನಂತರ ‘ಆಸರೆ’ ಯೋಜನೆಯಡಿ ಅನೇಕ ಗ್ರಾಮಗಳನ್ನು ಎತ್ತರದ ಸ್ಥಳಗಳಿಗೆ ಸ್ಥಳಾಂತರಿಸಲಾಯಿತು. ನೆರೆಯಿಂದ ಜನರನ್ನು ಪಾರುಮಾಡುವ ಉದ್ದೇಶ ಸರಿಯಾದುದೇ. ಆದರೂ ಹೊಲಕ್ಕೆ ದೂರವಾದ, ದನಕರುಗಳಿಗೆ ಜಾಗವಿಲ್ಲದ, ನೀರಿನ ಕೊರತೆಯಿದ್ದ ಕಡೆ ಕಟ್ಟಿದ ಮನೆಗಳು ಖಾಲಿ ಉಳಿದವು. ಜನ ಹಳೆಯ ಊರಿಗೇ ಮರಳಿದರು. ಗೋಡೆ, ಸೂರು ಇದ್ದ ಮಾತ್ರಕ್ಕೆ ಊರಾಗದು ಎಂಬ ಈ ಪಾಠವನ್ನು ಹೊಸ ಜಮೀನಿನ ಪ್ರಸ್ತಾವನೆ ಬಂದಾಗ ನೆನೆಯಬೇಕು.

2. ರಸ್ತೆಯ ದಿಕ್ಕು ಮತ್ತು ಬಿಸಿಲು

ಧಾರವಾಡ, ಗದಗ, ಕೊಪ್ಪಳ, ಬಳ್ಳಾರಿ ಪ್ರದೇಶಗಳು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಇಲ್ಲಿ ಬೇಸಿಗೆಯ ಮಧ್ಯಾಹ್ನದ ಸೂರ್ಯ ಬಹುತೇಕ ನೆತ್ತಿಯ ಮೇಲಿರುತ್ತಾನೆ. ಜೂನ್ ತಿಂಗಳಲ್ಲಿ ನೆತ್ತಿಯಿಂದ ತುಸು ಉತ್ತರಕ್ಕೂ ಸರಿಯುತ್ತಾನೆ. ಆದುದರಿಂದ ದಕ್ಷಿಣ ಮತ್ತು ಉತ್ತರದ ಗೋಡೆಗಳಿಗೆ ಬೇಸಿಗೆಯಲ್ಲಿ ಬೀಳುವ ಬಿಸಿಲು ಕಡಿಮೆ. ಕಿಟಕಿಯ ಮೇಲೆ ಎರಡು ಅಡಿಯ ಸಜ್ಜಾ ಇದ್ದರೆ ಮಾರ್ಚ್ ತಿಂಗಳ ನಡುಹಗಲಿನಲ್ಲಿ ದಕ್ಷಿಣದ ಕಿಟಕಿ ಪೂರ್ತಿ ನೆರಳಿನಲ್ಲಿರುತ್ತದೆ. ಪಶ್ಚಿಮದ ಗೋಡೆಯ ಪರಿಸ್ಥಿತಿ ಬೇರೆ. ಏಪ್ರಿಲ್ ತಿಂಗಳ ಸಂಜೆ 5 ಗಂಟೆಯ ಓರೆಬಿಸಿಲಿಗೆ ಅದೇ ಎರಡು ಅಡಿಯ ಸಜ್ಜಾ ಒಂದು ಅಡಿಯಷ್ಟು ನೆರಳನ್ನೂ ಕೊಡಲಾರದು. ಮಧ್ಯಾಹ್ನವೆಲ್ಲ ಕಾದ ಆ ಗೋಡೆ ರಾತ್ರಿ ಮನೆಯೊಳಗೆ ಬಿಸಿಯನ್ನು ಬಿಡುತ್ತದೆ. ಕೂಲಿ ಮುಗಿಸಿ ಬಂದವರು ಮಲಗುವ ಹೊತ್ತಿಗೆ ಮನೆ ಕಾವಲಿಯಂತಿರುತ್ತದೆ.

ಇದರಿಂದ ಒಂದು ಸರಳ ಸೂತ್ರ ದೊರೆಯುತ್ತದೆ. ಬಡಾವಣೆಯ ಒಳರಸ್ತೆಗಳು ಪೂರ್ವ–ಪಶ್ಚಿಮವಾಗಿ ಓಡುವಂತಿದ್ದರೆ ಮನೆಗಳ ಮುಂದಿನ ಮತ್ತು ಹಿಂದಿನ ಗೋಡೆಗಳು ಉತ್ತರ–ದಕ್ಷಿಣಕ್ಕೆ ಮುಖಮಾಡುತ್ತವೆ. ಓರೆಬಿಸಿಲು ಬೀಳುವ ಪೂರ್ವ–ಪಶ್ಚಿಮದ ಗೋಡೆಗಳಿಗೆ ಪಕ್ಕದ ಮನೆಯೇ ನೆರಳಾಗುತ್ತದೆ. ಸಾಲಿನ ಕೊನೆಯ ಮನೆಗಳಿಗೆ ಮಾತ್ರ ಬೇರೆ ರಕ್ಷಣೆ ಬೇಕಾಗುತ್ತದೆ. ಇದಕ್ಕೆ ಹೆಚ್ಚುವರಿ ಖರ್ಚಿಲ್ಲ. ನಕ್ಷೆಯನ್ನು ಬೇರೆ ದಿಕ್ಕಿನಲ್ಲಿ ಬರೆದರಾಯಿತು.

ಇಲ್ಲಿ ಸದಸ್ಯರು ಗ್ರಾಮಸಭೆಯಲ್ಲಿ ಎದುರಿಸಲೇಬೇಕಾದ ಮಾತೊಂದಿದೆ: ‘ನಮಗೆ ಪೂರ್ವ ಬಾಗಿಲಿನ ಸೈಟೇ ಬೇಕು.’ ಜನರ ನಂಬಿಕೆಯನ್ನು ಹಗುರವಾಗಿ ಕಾಣಬಾರದು. ಎರಡು ಸಂಗತಿಗಳನ್ನು ವಿವರಿಸಿ ಹೇಳಬೇಕು. ಒಂದು, ಉತ್ತರ–ದಕ್ಷಿಣ ರಸ್ತೆ ಮಾಡಿದರೂ ಎಲ್ಲರಿಗೂ ಪೂರ್ವದ ಮುಖ ಸಿಗದು. ಎದುರುಬದುರು ಸಾಲುಗಳಲ್ಲಿ ಒಂದು ಪೂರ್ವಕ್ಕಾದರೆ ಇನ್ನೊಂದು ಪಶ್ಚಿಮಕ್ಕೆ ಮುಖಮಾಡಲೇಬೇಕು. ಎರಡು, 30 ಅಡಿ ಅಗಲದ ನಿವೇಶನದಲ್ಲಿ ಪೂರ್ವದ ಬದಿಗೆ ಐದಾರು ಅಡಿ ಖಾಲಿ ಬಿಟ್ಟು ಮನೆ ಕಟ್ಟಿದರೆ, ರಸ್ತೆ ಉತ್ತರಕ್ಕಿರಲಿ ದಕ್ಷಿಣಕ್ಕಿರಲಿ, ತಲೆಬಾಗಿಲನ್ನು ಪೂರ್ವಕ್ಕೇ ಇಡಬಹುದು. ಹೀಗೆ ಕಟ್ಟಿದ ಮಾದರಿ ಮನೆಯ ಚಿತ್ರವೊಂದನ್ನು ಗ್ರಾಮಸಭೆಯಲ್ಲಿ ತೋರಿಸಿದರೆ ನೂರು ಮಾತಿನ ಕೆಲಸವಾಗುತ್ತದೆ.

3. ಸೂರು, ಗೋಡೆ, ಕಿಟಕಿ

ಒಂದಂತಸ್ತಿನ ಮನೆಗೆ ಬೇಸಿಗೆಯಲ್ಲಿ ಅತಿಹೆಚ್ಚು ಬಿಸಿ ಬರುವುದು ಸೂರಿನಿಂದ. ಬಯಲುಸೀಮೆಯ ಹಿರಿಯರು ಮಣ್ಣಿನ ಮಾಳಿಗೆಯ ಕೆಳಗೆ, ಗವಾಕ್ಷಿಯ ಗಾಳಿಯಲ್ಲಿ ಮಧ್ಯಾಹ್ನ ಕಳೆದವರು. ಇಂದಿನ ಬರಿ ಆರ್‌ಸಿಸಿ ತಾರಸಿಗೆ ಆ ಗುಣವಿಲ್ಲ. ತಗಡು ಅಥವಾ ಸಿಮೆಂಟ್ ಶೀಟಿಗಂತೂ ಇಲ್ಲವೇ ಇಲ್ಲ. ಕೇಂದ್ರ ಇಂಧನ ಸಚಿವಾಲಯದ ಇಂಧನ ದಕ್ಷತಾ ಬ್ಯೂರೋ 2018ರಲ್ಲಿ ಹೊರತಂದ ‘ಇಕೋ ನಿವಾಸ್ ಸಂಹಿತಾ’ ಎಂಬ ವಸತಿ ಕಟ್ಟಡಗಳ ಸಂಹಿತೆ ಸೂರಿನ ಮೂಲಕ ಒಳಬರಬಹುದಾದ ಶಾಖಕ್ಕೆ ಮಿತಿ ಹಾಕಿದೆ. ಬರಿ ಆರ್‌ಸಿಸಿ ತಾರಸಿ ಆ ಮಿತಿಯ ಎರಡು ಪಟ್ಟಿಗೂ ಹೆಚ್ಚು ಶಾಖವನ್ನು ಒಳಬಿಡುತ್ತದೆ. ಈ ಸಂಹಿತೆ 500 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ನಿವೇಶನಗಳಿಗೆ ಅನ್ವಯಿಸುವಂಥದು. 30x40ರ ಮನೆಗೆ ಕಡ್ಡಾಯವಲ್ಲ. ಆದರೂ ಅದರ ಅಳತೆಗಳು ಸಣ್ಣ ಮನೆಗೂ ಒಳ್ಳೆಯ ಮಾರ್ಗದರ್ಶಿ.

ಅತಿ ಅಗ್ಗದ ಪರಿಹಾರ ಬಿಳಿ ಬಣ್ಣ. ತಾರಸಿಗೆ ಪ್ರತಿವರ್ಷ ಬೇಸಿಗೆಗೆ ಮುನ್ನ ಸುಣ್ಣ ಬಳಿದರೆ ಬಿಸಿಲಿನ ಬಹುಪಾಲು ಹಿಂದಕ್ಕೆ ಚಿಮ್ಮುತ್ತದೆ. ನೆರೆಯ ತೆಲಂಗಾಣ ರಾಜ್ಯ 2023ರಲ್ಲಿ ತಂಪು ಸೂರಿಗಾಗಿಯೇ ಪ್ರತ್ಯೇಕ ನೀತಿಯೊಂದನ್ನು ಜಾರಿಗೆ ತಂದಿದೆ. ಸುಣ್ಣ ಬಳಿಯುವುದು ನಮ್ಮ ಊರುಗಳಿಗೆ ಹೊಸದಲ್ಲ. ಗೋಡೆಗೆ ಬಳಿಯುವುದನ್ನು ತಾರಸಿಗೂ ಬಳಿಯಬೇಕು, ಅಷ್ಟೇ.

ಗೋಡೆಗೆ ಸಂಬಂಧಿಸಿದಂತೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರ ಅಭಿವೃದ್ಧಿಪಡಿಸಿದ ಸ್ಥಿರೀಕೃತ ಮಣ್ಣಿನ ಇಟ್ಟಿಗೆಯನ್ನು ಗಮನಿಸಬಹುದು. ಸ್ಥಳೀಯ ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತಿ ತಯಾರಿಸುವ ಈ ಇಟ್ಟಿಗೆಯನ್ನು ಸುಡಬೇಕಾಗಿಲ್ಲ. ಗೂಡಿಗೆ ಸೌದೆಯೂ ಬೇಡ, ಕಲ್ಲಿದ್ದಲೂ ಬೇಡ. ಮಣ್ಣಿನ ಗುಣ ಎಲ್ಲೆಡೆ ಒಂದೇ ಅಲ್ಲದ ಕಾರಣ ಪರೀಕ್ಷೆ ಮಾಡಿಸಿಯೇ ಬಳಸಬೇಕು.

ಕಿಟಕಿಯ ಅಳತೆಗೂ ಸಂಹಿತೆಯಲ್ಲಿ ಸೂತ್ರವಿದೆ. ತೆರೆಯಬಹುದಾದ ಭಾಗಗಳ ವಿಸ್ತೀರ್ಣ ನೆಲದ ವಿಸ್ತೀರ್ಣದ ಎಷ್ಟು ಪಾಲಿರಬೇಕು ಎಂಬುದು ಹವಾಮಾನದಂತೆ ಬದಲಾಗುತ್ತದೆ. ಬಿಸಿ–ಒಣ ಹವೆಯ ಪ್ರದೇಶಕ್ಕೆ ಶೇ. 10, ಹಿತಕರ ಹವೆಗೆ ಶೇ. 12.5, ಕರಾವಳಿಯಂಥ ಬಿಸಿ–ತೇವದ ಹವೆಗೆ ಆರರಲ್ಲಿ ಒಂದು ಪಾಲು. 10x12 ಅಡಿಯ ಕೋಣೆಗೆ ಇದು ಕ್ರಮವಾಗಿ 12, 15 ಮತ್ತು 20 ಚದರ ಅಡಿಯಾಗುತ್ತದೆ. ಕಿಟಕಿಗಳು ಎದುರುಬದುರಾಗಿದ್ದರೆ ಮಾತ್ರ ಗಾಳಿ ಹಾಯುತ್ತದೆ. ಅಕ್ಕಪಕ್ಕದ ಜಾಗವನ್ನು ಒತ್ತಿ ಗೋಡೆಗೆ ಗೋಡೆ ಸೇರಿಸಿ ಕಟ್ಟಿದಾಗ ಮೊದಲು ಸಾಯುವುದು ಈ ಗಾಳಿಯೇ.

4. ನೀರು ಎತ್ತುವ ವಿದ್ಯುತ್ತು

ಪಂಚಾಯಿತಿಯ ಖಾತೆಗೆ ನೇರವಾಗಿ ತಟ್ಟುವ ಭಾಗ ಇದು. ಜಲ ಜೀವನ್ ಮಿಷನ್ನಿನ ಮಾನದಂಡದಂತೆ ಒಬ್ಬರಿಗೆ ದಿನಕ್ಕೆ 55 ಲೀಟರ್. 500 ಜನರಿಗೆ 27,500 ಲೀಟರ್. ಕೊಳವೆಬಾವಿಯ ನೀರಿನ ಮಟ್ಟದಿಂದ ಮೇಲ್ತೊಟ್ಟಿಯ ತುದಿಯವರೆಗೆ 200 ಮೀಟರ್ ಎತ್ತಬೇಕೆಂದು ಹಿಡಿಯೋಣ. ಭೌತಶಾಸ್ತ್ರದ ಲೆಕ್ಕದಂತೆ ಇದಕ್ಕೆ ಕನಿಷ್ಠ 15 ಯೂನಿಟ್ ಬೇಕು. ಪಂಪು, ಮೋಟಾರು, ಕೊಳವೆಗಳ ನಷ್ಟ ಕಳೆದು ಒಟ್ಟಾರೆ ದಕ್ಷತೆ ಶೇ. 40 ಎಂದು ಭಾವಿಸಿದರೆ ದಿನಕ್ಕೆ 37.5 ಯೂನಿಟ್, ತಿಂಗಳಿಗೆ ಸುಮಾರು 1,125 ಯೂನಿಟ್.

ಈ ಅಂಕಿ ಬೆಳೆಯುವ ಎರಡು ದಾರಿಗಳನ್ನು ಗಮನಿಸಬೇಕು. ಅಂತರ್ಜಲ ಇನ್ನೂ 50 ಮೀಟರ್ ಕುಸಿದರೆ ದಿನಕ್ಕೆ 9 ಯೂನಿಟಿಗೂ ಹೆಚ್ಚು ವಿದ್ಯುತ್ತು ಹೆಚ್ಚುವರಿಯಾಗಿ ಬೇಕು. ಎತ್ತಿದ ನೀರಿನಲ್ಲಿ ಶೇ. 20ರಷ್ಟು ಕೊಳವೆಯಲ್ಲಿ ಸೋರಿಹೋದರೆ, ಜನರಿಗೆ ಅಷ್ಟೇ ನೀರು ಮುಟ್ಟಿಸಲು ಮತ್ತೆ 9 ಯೂನಿಟ್. ಸೋರಿಹೋಗುವ ಪ್ರತಿ ಕೊಡದ ಜೊತೆಗೆ ಅದನ್ನು ಎತ್ತಿದ ವಿದ್ಯುತ್ತೂ ಚರಂಡಿ ಸೇರುತ್ತದೆ. ಆದುದರಿಂದ ಕೊಳವೆಗಳನ್ನು ಮಣ್ಣಿನಿಂದ ಮುಚ್ಚುವ ಮುನ್ನ ಒತ್ತಡ ಪರೀಕ್ಷೆ ನಡೆಸಬೇಕು. ಮೇಲ್ತೊಟ್ಟಿಯನ್ನು ಜಮೀನಿನ ಎತ್ತರದ ಭಾಗದಲ್ಲಿ ನಿಲ್ಲಿಸಬೇಕು. ಬಡಾವಣೆಯ ಪಂಪಿಗೆ ಪ್ರತ್ಯೇಕ ಮೀಟರ್ ಇರಬೇಕು. ಮೀಟರ್ ಬೇರೆಯಿದ್ದರೆ ಬಿಲ್ಲು ಏರಿದ ತಿಂಗಳೇ ಸೋರಿಕೆಯ ಸುಳಿವು ಸಿಗುತ್ತದೆ.

5. ಮಳೆನೀರು ಮತ್ತು ಹಳ್ಳದ ದಾರಿ

ಒಂದು ಚದರ ಮೀಟರಿನ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. 50 ಚದರ ಮೀಟರಿನ ತಾರಸಿಯ ಮೇಲೆ ವರ್ಷಕ್ಕೆ 600 ಮಿ.ಮೀ. ಮಳೆಯಿಂದ 30,000 ಲೀಟರ್. ನಷ್ಟ ಕಳೆದು 24,000 ಲೀಟರ್. ನೂರು ಮನೆಗಳಿಂದ 24 ಲಕ್ಷ ಲೀಟರ್. ಬಡಾವಣೆಯ ವರ್ಷದ ಬೇಡಿಕೆ ಸುಮಾರು 100 ಲಕ್ಷ ಲೀಟರ್. ಅಂದರೆ ಬೇಡಿಕೆಯ ಹತ್ತಿರಹತ್ತಿರ ಕಾಲುಭಾಗ ನೀರು ತಾರಸಿಯ ಮೇಲೆಯೇ ಬೀಳುತ್ತದೆ. ಅದನ್ನು ತೊಟ್ಟಿಯಲ್ಲಿ ಹಿಡಿದರೂ ಲಾಭ, ಇಂಗುಗುಂಡಿಯ ಮೂಲಕ ನೆಲಕ್ಕೆ ಇಳಿಸಿದರೂ ಲಾಭ.

ಇದೇ ನೀರನ್ನು ಕಡೆಗಣಿಸಿದರೆ ಹಾನಿಯೂ ಅಷ್ಟೇ ದೊಡ್ಡದು. ಒಂದು ಗಂಟೆಯಲ್ಲಿ 25 ಮಿ.ಮೀ. ಸುರಿದರೆ 5 ಎಕರೆಯ ಮೇಲೆ 5 ಲಕ್ಷ ಲೀಟರ್ ನೀರು ಬೀಳುತ್ತದೆ. ಹೊಲವಾಗಿದ್ದಾಗ ಅದರ ಒಂದು ಭಾಗ ನೆಲದಲ್ಲಿ ಇಂಗುತ್ತಿತ್ತು. ಕಾಂಕ್ರೀಟ್ ರಸ್ತೆ, ತಾರಸಿಗಳಾದ ಮೇಲೆ ಬಹುಪಾಲು ಒಮ್ಮೆಲೇ ಹರಿದು ತಗ್ಗಿನ ಮನೆಗಳಿಗೆ ನುಗ್ಗುತ್ತದೆ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವ ಭಾಗದ ಬಡಾವಣೆಗಳು ಜಲಾವೃತವಾದುದನ್ನು ರಾಜ್ಯವೇ ನೋಡಿತು. ಕೆರೆಗಳ ನಡುವಿನ ಕಾಲುವೆ ಕಿರಿದಾದಲ್ಲಿ ಮನೆಯ ಬೆಲೆ ನೋಡಿ ನೀರು ಹಿಂಜರಿಯುವುದಿಲ್ಲ.

ಹಾಗಾಗಿ ಗ್ರಾಮ ನಕಾಶೆಯಲ್ಲಿ ಗುರುತಿಸಿರುವ ಹಳ್ಳ, ಕಾಲುವೆ, ಕೆರೆಯಂಗಳಗಳನ್ನು ಮೊದಲು ಬಡಾವಣೆಯ ನಕ್ಷೆಗೆ ಇಳಿಸಿ, ಅವುಗಳ ಆಚೀಚೆ ಜಾಗ ಬಿಟ್ಟು, ನಂತರವೇ ನಿವೇಶನಗಳ ಗೆರೆ ಎಳೆಯಬೇಕು. ಉದ್ಯಾನವನ್ನು ಉಳಿದ ಮೂಲೆಗೆ ತಳ್ಳುವ ಬದಲು ಜಮೀನಿನ ತಗ್ಗಿನಲ್ಲಿಟ್ಟರೆ ಮಳೆಗಾಲದಲ್ಲಿ ಅದೇ ಇಂಗುಕೊಳವಾಗುತ್ತದೆ.

6. ಬೀದಿದೀಪ ಮತ್ತು ಸೌರಶಕ್ತಿ

ಉದಾಹರಣೆಯ ಬಡಾವಣೆಗೆ ಸುಮಾರು 24 ಕಂಬಗಳು ಬೇಕಾದೀತು. 20 ವ್ಯಾಟಿನ ಎಲ್‌ಇಡಿ ದೀಪ ರಾತ್ರಿ 12 ಗಂಟೆ ಕಾಲ ಉರಿದರೆ ಒಟ್ಟು ದಿನಕ್ಕೆ 5.8 ಯೂನಿಟ್. ನೀರಿನ ಸೋರಿಕೆಯಲ್ಲಿ ಕಳೆದುಹೋಗುವ 9 ಯೂನಿಟ್ ಇದಕ್ಕಿಂತ ಹೆಚ್ಚೆಂಬುದನ್ನು ಗಮನಿಸಿರಿ. ಬೀದಿದೀಪಕ್ಕೆ ಪ್ರತ್ಯೇಕ ತಂತಿ ಎಳೆಯದೆ ಹೋದರೆ ದೀಪ ಹಗಲೂ ಉರಿದು ಬಿಲ್ಲು ಇಮ್ಮಡಿಯಾಗುತ್ತದೆ. ಪ್ರತ್ಯೇಕ ತಂತಿ, ಪ್ರತ್ಯೇಕ ಮೀಟರ್, ಸಮಯಕ್ಕೆ ತಾನೇ ಆರುವ ಸ್ವಿಚ್ಚು – ಈ ಮೂರನ್ನೂ ಅಂದಾಜುಪಟ್ಟಿಯಲ್ಲೇ ಸೇರಿಸಬೇಕು.

ಪಂಪು ಮತ್ತು ಬೀದಿದೀಪ ಎರಡೂ ಸೇರಿ ದಿನಕ್ಕೆ ಸುಮಾರು 43 ಯೂನಿಟ್. ಒಂದು ಕಿಲೋವ್ಯಾಟ್ ಸೌರಫಲಕ ನಮ್ಮಲ್ಲಿ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆಂದು ಹಿಡಿದರೆ 11 ಕಿಲೋವ್ಯಾಟ್ ಸಾಕು. ಕಿಲೋವ್ಯಾಟಿಗೆ 10 ಚದರ ಮೀಟರಿನಂತೆ ಬೇಕಾಗುವ ಜಾಗ 110 ಚದರ ಮೀಟರ್; ಅಂದರೆ ಹೆಚ್ಚುಕಡಿಮೆ ಒಂದು 30x40 ನಿವೇಶನದಷ್ಟು. ನೂರು ಮನೆಗಳ ನೀರು ಮತ್ತು ಬೆಳಕಿಗೆ ಒಂದು ನಿವೇಶನದಷ್ಟು ಬಿಸಿಲು! ಪಂಪನ್ನು ಹಗಲಿನಲ್ಲೇ ನಡೆಸಿ ಮೇಲ್ತೊಟ್ಟಿ ತುಂಬಿಸಿದರೆ ನೀರಿಗೆ ಬ್ಯಾಟರಿಯ ಅಗತ್ಯವೂ ಇಲ್ಲ, ತೊಟ್ಟಿಯೇ ಬ್ಯಾಟರಿ. ಫಲಕಗಳಿಗೆ ಇಂದು ಹಣವಿಲ್ಲದಿದ್ದರೂ ಮೇಲ್ತೊಟ್ಟಿಯ ಸಮೀಪ, ಮರ–ಕಟ್ಟಡಗಳ ನೆರಳು ಬೀಳದ ಜಾಗವನ್ನು ನಾಗರಿಕ ಸೌಕರ್ಯದ ಪಾಲಿನಲ್ಲಿ ಇಂದೇ ಗುರುತಿಸಿಡಬೇಕು. ಮನೆಗಳ ಮಟ್ಟಿಗೆ 2024ರಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಡಿ 2 ಕಿಲೋವ್ಯಾಟ್‌ವರೆಗೆ ಕಿಲೋವ್ಯಾಟಿಗೆ 30,000 ರೂಪಾಯಿ ಸಹಾಯಧನಕ್ಕೆ ಅವಕಾಶ ಕಲ್ಪಿಸಲಾಗಿದೆ.

7. ಮರಗಳು

ಬಿಸಿಲಿನ ನಾಡಿನಲ್ಲಿ ಮರವೂ ಮೂಲಸೌಕರ್ಯವೇ. ಹೊಂಗೆ ಯುಗಾದಿಯ ಹೊತ್ತಿಗೆ ಹೊಸ ಎಲೆ ತೊಟ್ಟು, ನೆರಳು ಅತಿ ಅಗತ್ಯವಾದ ತಿಂಗಳುಗಳಲ್ಲೇ ದಟ್ಟವಾಗಿ ನಿಲ್ಲುತ್ತದೆ. ಬೇವು ಕಡಿಮೆ ನೀರಿನಲ್ಲಿ ಬೆಳೆಯುತ್ತದೆ. ವಿದ್ಯುತ್ ಕಂಬಗಳನ್ನು ರಸ್ತೆಯ ಒಂದೇ ಬದಿಗೆ ನಿಲ್ಲಿಸಿ, ಇನ್ನೊಂದು ಬದಿಯನ್ನು ಪೂರ್ತಿಯಾಗಿ ಮರಗಳಿಗೆ ಬಿಡಬೇಕು. ಇಲ್ಲದಿದ್ದರೆ ತಂತಿಗೆ ತಗಲುವ ಮರ ಪ್ರತಿವರ್ಷ ಕೊಡಲಿಗೆ ಸಿಗುತ್ತದೆ. ಬಡಾವಣೆಯ ಪಶ್ಚಿಮದ ಅಂಚಿಗೆ ಸಾಲುಮರ ಬೆಳೆಸಿದರೆ ಸಾಲಿನ ಕೊನೆಯ ಮನೆಗಳಿಗೆ ಓರೆಬಿಸಿಲಿನಿಂದ ರಕ್ಷಣೆ. ಸಸಿಗಳನ್ನು ಮನೆ ಕಟ್ಟುವ ಮೊದಲೇ, ರಸ್ತೆ ಗುರುತಿಸಿದ ಮೊದಲ ಮಳೆಗಾಲದಲ್ಲಿ ನೆಡಬೇಕು. ಜನ ಒಕ್ಕಲು ಬರುವ ವೇಳೆಗೆ ಅವು ಆಳೆತ್ತರವಾಗಿರುತ್ತವೆ.

8. ಪಂಚಾಯಿತಿಯ ಕೈಯಲ್ಲಿರುವುದು

ಸರ್ಕಾರಿ ವಸತಿ ಯೋಜನೆಯ ಬಡಾವಣೆಯಲ್ಲಿ ಪಂಚಾಯಿತಿಯ ಮಾತಿಗೆ ಹೆಚ್ಚಿನ ತೂಕವಿದೆ. ಖಾಸಗಿ ಬಡಾವಣೆಯ ತಾಂತ್ರಿಕ ಅನುಮೋದನೆ ಯೋಜನಾ ಪ್ರಾಧಿಕಾರಕ್ಕೆ ಅಥವಾ ಸಂಬಂಧಿತ ಇಲಾಖೆಗೆ ಸೇರಿದ್ದು. ಆದರೂ ರಸ್ತೆ, ಉದ್ಯಾನ, ನೀರು ಸರಬರಾಜನ್ನು ಕೊನೆಗೆ ವಹಿಸಿಕೊಳ್ಳುವುದು ಪಂಚಾಯಿತಿಯೇ. ಹಾಗಾಗಿ ಹಸ್ತಾಂತರಕ್ಕೆ ಮುನ್ನ ಸ್ಥಳ ತನಿಖೆ ಮಾಡಿ, ಕೊರತೆಗಳನ್ನು ಲಿಖಿತವಾಗಿ ತಿಳಿಸುವುದು ಸದಸ್ಯರ ಹೊಣೆ. ಮನೆ ಕಟ್ಟುವ ಪರವಾನಗಿಯು 1993ರ ಪಂಚಾಯತ್ ರಾಜ್ ಅಧಿನಿಯಮದ 64ನೆಯ ಪ್ರಕರಣದಂತೆ ಗ್ರಾಮ ಪಂಚಾಯಿತಿಯ ವ್ಯಾಪ್ತಿಗೆ ಬರುತ್ತದೆ. ಅಕ್ಕಪಕ್ಕದ ಖಾಲಿ ಜಾಗ, ಕಿಟಕಿ, ಮಳೆನೀರಿನ ವ್ಯವಸ್ಥೆಗಳನ್ನು ನೋಡುವ ಅವಕಾಶ ಅಲ್ಲಿದೆ.

ನಿರ್ಣಯದಲ್ಲಿ ದಾಖಲಿಸಬೇಕಾದ ಅಂಶಗಳು

1. ಜಮೀನಿನಿಂದ ಶಾಲೆ, ಬಸ್ ನಿಲ್ದಾಣ, ಪಡಿತರ ಅಂಗಡಿಗೆ ಇರುವ ದೂರ.
2. ಹಳ್ಳ, ಕಾಲುವೆಗಳನ್ನು ಗುರುತಿಸಿ ಜಾಗ ಬಿಟ್ಟಿರುವ ಬಗ್ಗೆ ಸ್ಥಳ ತನಿಖೆಯ ವರದಿ.
3. ಒಳರಸ್ತೆಗಳು ಸಾಧ್ಯವಾದಷ್ಟೂ ಪೂರ್ವ–ಪಶ್ಚಿಮವಾಗಿರುವುದು. ಸಾಧ್ಯವಾಗದಿದ್ದರೆ ಅದರ ಕಾರಣ.
4. ಪಂಪು ಮತ್ತು ಬೀದಿದೀಪಗಳ ಮಾಸಿಕ ವಿದ್ಯುತ್ ಅಂದಾಜು ಹಾಗೂ ಪ್ರತ್ಯೇಕ ಮೀಟರ್‌ಗಳು.
5. ಸೌರಫಲಕಕ್ಕಾಗಿ ಕಾಯ್ದಿರಿಸಿದ ಜಾಗ.
6. ಪ್ರತಿ ಮನೆಗೂ ಮಳೆನೀರು ಸಂಗ್ರಹ ಅಥವಾ ಇಂಗುಗುಂಡಿ.
7. ಮರಗಳ ಸಾಲು, ನೆಡುವ ತಿಂಗಳು, ನೀರುಣಿಸುವವರ ಹೊಣೆ.

ಚರ್ಚೆಗೆ ಪ್ರಶ್ನೆಗಳು

1. ತಮ್ಮ ಪಂಚಾಯಿತಿಯ ಅತಿ ಆಳದ ಕೊಳವೆಬಾವಿ ದಿನಕ್ಕೆ ಎಷ್ಟು ಯೂನಿಟ್ ಬಳಸುತ್ತದೆ? ಹಿಂದಿನ ಮೂರು ವರ್ಷದ ಬಿಲ್ಲುಗಳನ್ನು ಮುಂದಿಟ್ಟುಕೊಂಡು ಹೋಲಿಸಿರಿ.
2. ತಮ್ಮ ಊರಿನಲ್ಲಿ ಈಗಾಗಲೇ ಇರುವ ಬಡಾವಣೆಯೊಂದಕ್ಕೆ ಮೇ ತಿಂಗಳ ಸಂಜೆ ಭೇಟಿ ಕೊಟ್ಟು, ಪಶ್ಚಿಮಕ್ಕೆ ಮುಖಮಾಡಿದ ಮನೆಯ ಗೋಡೆಯನ್ನೂ ಉತ್ತರಕ್ಕೆ ಮುಖಮಾಡಿದ ಮನೆಯ ಗೋಡೆಯನ್ನೂ ಒಳಗಿನಿಂದ ಕೈಯಿಟ್ಟು ನೋಡಿರಿ. ಆ ಮನೆಗಳವರು ರಾತ್ರಿ ಎಲ್ಲಿ ಮಲಗುತ್ತಾರೆಂದು ವಿಚಾರಿಸಿರಿ.
3. ನೂರು ನಿವೇಶನಗಳ ನಕ್ಷೆಯಲ್ಲಿ ಹಳ್ಳದ ಅಂಚಿನ ಮೂರು ನಿವೇಶನಗಳನ್ನು ಕೈಬಿಡಬೇಕಾಗಿ ಬಂದರೆ, ಪಟ್ಟಿಯ ಕೊನೆಯ ಮೂರು ಕುಟುಂಬಗಳಿಗೆ ಪಂಚಾಯಿತಿ ಏನು ಉತ್ತರ ಕೊಡಬೇಕು? ಕೈಬಿಡದೆ ಹಂಚಿದರೆ, ಮೊದಲ ದೊಡ್ಡ ಮಳೆಯ ಮರುದಿನ ಏನು ಉತ್ತರ ಕೊಡಬೇಕಾದೀತು?